ನೇರಳೆ, ಹಲಸಿನ ಬೀಜ ಒಣಗಿಸಬೇಡಿ: ಒಂದು ಸ್ಪಷ್ಟನೆ

'ಕಾಡುಮರದ ಬೀಜಗಳನ್ನೆಲ್ಲ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿಡಿ, ಮುಂದಿನ ವರ್ಷ ಊರಿನ ನರ್ಸರಿಗೆ ಕೊಡಿ' ಎಂಬ ಮೆಸೇಜ್ ನಾಪೋಕ್ಲು, ವಿರಾಜಪೇಟೆ ಕಡೆಯ ಗ್ರೂಪುಗಳಲ್ಲಿ ಓಡಾಡುತ್ತಿದೆ. ಅದನ್ನು ಮೊದಲು ಬರೆದವನು ನಾನೇ. ಅದು ತಪ್ಪು.

ತೇಗ, ಬೀಟೆ, ಹೊನ್ನೆಗೆ ಆ ಮಾತು ಸರಿ. ಅವುಗಳ ಬೀಜ ಒಣಗಿಸಿ ಇಡಬಹುದು. ಆದರೆ ನೇರಳೆ, ಹಲಸು, ಮಾವು, ಸಾಲುಧೂಪದ ಬೀಜ ಒಣಗಿದರೆ ಸತ್ತಂತೆಯೇ. ಬೀಜಗಳಲ್ಲಿ ಹೀಗೆ ಎರಡು ಜಾತಿ ಇವೆ ಎಂದು ಇ. ಎಚ್. ರಾಬರ್ಟ್ಸ್ ಎಂಬ ವಿಜ್ಞಾನಿ 1973ರಲ್ಲೇ ವಿಂಗಡಿಸಿದ್ದರು. ಮಳೆಕಾಡಿನ ಎಷ್ಟೋ ಮರಗಳ ಬೀಜ ಮಳೆಯಲ್ಲೇ ಉದುರಿ, ಒದ್ದೆ ನೆಲದಲ್ಲಿ ಕೂಡಲೇ ಮೊಳೆಯುತ್ತದೆ. ಒಣಗಿ ಕಾಯುವ ಅಭ್ಯಾಸವೇ ಅದಕ್ಕಿಲ್ಲ.

ನಾನು ಕಾಫಿ ಕಣದಲ್ಲಿ ಒಣಗಿಸಿಟ್ಟ ನೇರಳೆ ಬೀಜ ಸುಕ್ಕುಗಟ್ಟಿ ಗಲಗಲ ಅನ್ನುತ್ತಿತ್ತು. ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿದೆ, ಒಂದೂ ಮೊಳೆಯಲಿಲ್ಲ. ಅದೇ ಮರದ ಕೆಳಗೆ ಬಿದ್ದ ಬೀಜಗಳು ಮಾತ್ರ ಸುಮ್ನೆ ಸಾಲಾಗಿ ಹುಟ್ಟಿದ್ದವು, ಕೆಲವು ಬೀಜದಿಂದ ಎರಡೆರಡು ಸಸಿ! (ನೇರಳೆಯಲ್ಲಿ ಅದು ಮಾಮೂಲು.) ಕಾಫಿ, ಮೆಣಸು ಒಣಗಿಸಿ ಒಣಗಿಸಿ ನಮಗೆ ಅದೇ ಅಭ್ಯಾಸ, ಅಲ್ವಾ?

ಹಣ್ಣಿನ ತಿರುಳು ತೊಳೆದು, ನೆರಳಲ್ಲಿ ನೀರು ಆರಿಸಿ, ನೇರಳೆಯನ್ನು ಹತ್ತು ಹದಿನೈದು ದಿನದೊಳಗೆ ಬಿತ್ತಿಬಿಡಿ. ನರ್ಸರಿಗೆ ಕೊಡುವುದಾದರೂ ಒದ್ದೆ ಗೋಣಿಯಲ್ಲಿ ಸುತ್ತಿ, ಬೇಗ ತಲುಪಿಸಿ. ಹಳೆಯ ಮೆಸೇಜ್ ಇನ್ನು ಮುಂದೆ ಯಾರಿಗೂ ಕಳಿಸಬೇಡಿ. ಕಳಿಸಿದ್ದರೆ ಅದರ ಕೆಳಗೇ ಇದನ್ನು ಹಾಕಿ.