ಹತ್ತು ಪಾಯಿಂಟ್ ಎರಡು

ಹನ್ನೆರಡನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆಗಳು ಆರಂಭವಾದವೆಂದರೆ ಮುಂಬಯಿಯ ಜೂನಿಯರ್ ಕಾಲೇಜುಗಳಲ್ಲಿ ಒಂದು ಸಂಖ್ಯೆ ಬಾಯಿಂದ ಬಾಯಿಗೆ ಹರಡತೊಡಗುತ್ತದೆ. ಈ ಸಲದ ಸಂಖ್ಯೆ ಹತ್ತು ಪಾಯಿಂಟ್ ಎರಡು. ಮೊದಲ ಬ್ಯಾಚಿನವರು ಮೆಟ್ಟಿಲಿನ ಬಳಿ ನಿಂತು ಅದನ್ನು ಎರಡನೆಯ ಬ್ಯಾಚಿನವರಿಗೆ ದಾಟಿಸುತ್ತಾರೆ, ಅವರು ವಾಟ್ಸಾಪಿನಲ್ಲಿ ಮೂರನೆಯ ಬ್ಯಾಚಿಗೆ ಕಳಿಸುತ್ತಾರೆ, ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ದೇವರ ದೀಪಕ್ಕೆ ಎಣ್ಣೆ ಎರೆಯುತ್ತಿರುವ ತಾಯಿ ನಡುವೆಯೇ ಫೋನು ಮಾಡಿ, ‘ರೀಡಿಂಗ್ ಸಿಕ್ಕಿತಾ ಮಗಾ?’ ಎಂದು ವಿಚಾರಿಸುತ್ತಾಳೆ. ಸಿಕ್ಕಿತೆಂದರೆ ಆ ಮನೆಯಲ್ಲಿ ರಸಾಯನಶಾಸ್ತ್ರದ ಚಿಂತೆ ಮುಗಿಯಿತು.

ಆ ಸಂಖ್ಯೆ ಬ್ಯುರೆಟಿನದು, ಎಂದರೆ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ, ಕೆಳಗೆ ನಲ್ಲಿಯಿರುವ ಗಾಜಿನ ಕೊಳವೆಯದು. ಪಿಪೆಟಿನಿಂದ ಅಳೆದ 10 ಮಿಲಿಲೀಟರ್ ಆಕ್ಸಾಲಿಕ್ ಆಮ್ಲಕ್ಕೆ ಸಲ್ಫ್ಯೂರಿಕ್ ಆಮ್ಲ ಬೆರೆಸಿ, 60ರಿಂದ 70 ಡಿಗ್ರಿಯವರೆಗೆ ಕಾಯಿಸಿ, ಮೇಲಿನಿಂದ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡಬೇಕು. ತೆಳು ಗುಲಾಬಿ ಬಣ್ಣ ಮಾಯವಾಗದೆ ನಿಂತ ಕ್ಷಣದಲ್ಲಿ ಎಷ್ಟು ಖರ್ಚಾಯಿತೆಂದು ನೋಡಬೇಕು. ಪರ್ಮಾಂಗನೇಟಿನ ಎರಡು ಅಣುಗಳಿಗೆ ಆಕ್ಸಾಲಿಕ್ ಆಮ್ಲದ ಐದು ಅಣುಗಳು ಸಾಕಾಗುತ್ತವೆ, ಈ ಅನುಪಾತದ ಮುಂದೆ ಯಾರ ಶಿಫಾರಸೂ ನಡೆಯುವುದಿಲ್ಲ. ಇಂಥ ಲೆಕ್ಕಕ್ಕೆ 1792ರಲ್ಲಿ ಜರ್ಮನಿಯ ಯೆರೆಮಿಯಾಸ್ ರಿಕ್ಟರ್ ಸ್ಟಾಯ್ಕಿಯೋಮೆಟ್ರಿ ಎಂದು ಹೆಸರಿಟ್ಟಾಗ, ಅಳತೆಯಿಂದ ಉತ್ತರಕ್ಕೆ ಹೋಗಬೇಕೆಂದು ಪಾಪ ನಂಬಿಕೊಂಡಿದ್ದ. ಉತ್ತರದಿಂದ ಅಳತೆಗೆ ಬರುವ ಹತ್ತಿರದ ದಾರಿಯನ್ನು ಕಂಡುಹಿಡಿದ ಕೀರ್ತಿ ನಮ್ಮ ಮಹಾನಗರದ್ದು.

ಹಾಗೆಂದ ಮಾತ್ರಕ್ಕೆ ಆ ಕಟ್ಟಡದಲ್ಲಿ ಸ್ಟಾಯ್ಕಿಯೋಮೆಟ್ರಿಯನ್ನು ಯಾರೂ ಮಾಡುವುದಿಲ್ಲವೆಂದು ತಿಳಿಯಬಾರದು. ಪ್ರಯೋಗಾಲಯದ ಮಾಮಾ ಮಾಡುತ್ತಾರೆ. ಇಲ್ಲಿನ ಕಾಲೇಜುಗಳಲ್ಲಿ ಅಟೆಂಡರ್‌ಗೆ ಎಲ್ಲರೂ ಮಾಮಾ ಎಂದೇ ಕರೆಯುವುದು. ಪರೀಕ್ಷೆಗೆ ಮುಂಚೆ ಒಂದು ಸಂಜೆ ಅವರು 15.5 ಗ್ರಾಂ ಪರ್ಮಾಂಗನೇಟ್ ತೂಗಿ 5 ಲೀಟರ್ ನೀರಿಗೆ ಹಾಕುತ್ತಾರೆ, ಲೀಟರಿಗೆ 3.1 ಗ್ರಾಂ ಆಯಿತು, ಅದನ್ನು ಪರ್ಮಾಂಗನೇಟಿನ ತುಲ್ಯ ತೂಕವಾದ 31.6ರಿಂದ ಭಾಗಿಸಿದರೆ ದ್ರಾವಣದ ಬಲ 0.098 ನಾರ್ಮಲ್, ಎದುರಿಗೆ 0.1 ನಾರ್ಮಲ್ ಆಮ್ಲ ಇದ್ದರೆ ಬ್ಯುರೆಟ್ ಹತ್ತು ಪಾಯಿಂಟ್ ಎರಡಕ್ಕೆ ನಿಲ್ಲಲೇಬೇಕು. ಇಷ್ಟನ್ನೂ ಕಾಗದ ಮುಟ್ಟದೆ ಮುಗಿಸಿ, ಮರುದಿನ ಬೆಂಚುಗಳ ನಡುವೆ ಚಿಂದಿ ಬಟ್ಟೆ ಹಿಡಿದು ಓಡಾಡುತ್ತ, ‘ದಹಾ ಪಾಯಿಂಟ್ ದೋನ್ ಲಿಹಾ’, ಹತ್ತು ಪಾಯಿಂಟ್ ಎರಡು ಬರೆಯಿರಿ, ಎಂದು ಮರಾಠಿಯಲ್ಲಿ ಗೊಣಗುತ್ತಾರೆ. ರಸಾಯನಶಾಸ್ತ್ರದ 100 ಅಂಕಗಳಲ್ಲಿ ಪ್ರಾಯೋಗಿಕಕ್ಕೆ ಮೀಸಲಾದ 30 ಅಂಕಗಳಿಗೆ ನಿಜವಾಗಿ ಅರ್ಹರಾದ ಈ ಒಬ್ಬ ವ್ಯಕ್ತಿಗೆ ಮಾತ್ರ ಮಂಡಳಿಯು ಹಾಲ್ ಟಿಕೆಟ್ ಕೊಡುವುದಿಲ್ಲ.

ತೊಂದರೆ ಬರುವುದು ಪರ್ಮಾಂಗನೇಟಿನಿಂದ, ಏಕೆಂದರೆ ಅದಕ್ಕೆ ಮಾಮಾನ ಮೇಲೆ ಗೌರವವಿಲ್ಲ. ನೀರಿನಲ್ಲಿ ಚೂರು ಸಾವಯವ ಕಲ್ಮಷವಿದ್ದರೂ ಅದರೊಂದಿಗೆ ಜಗಳಕ್ಕಿಳಿದು, ಬೆಳಕು ಬಿದ್ದರೆ ಇನ್ನಷ್ಟು ಕೆಟ್ಟು, ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡನ್ನು ತಳಕ್ಕೆ ಇಳಿಸುತ್ತ ದಿನದಿಂದ ದಿನಕ್ಕೆ ಅದು ಸೊರಗುತ್ತದೆ. ಕೊನೆಯ ಬ್ಯಾಚು ಬರುವ ಹೊತ್ತಿಗೆ ಹೆಚ್ಚು ದ್ರಾವಣ ಸುರಿಯಬೇಕಾಗುತ್ತದೆ. ನಮ್ಮ ಕಟ್ಟಡದ ಒಬ್ಬ ಹುಡುಗಿ, ಯಾವ ಕೆಟ್ಟ ಗಳಿಗೆಯಲ್ಲೋ, ಟೈಟ್ರೇಶನನ್ನು, ಎಂದರೆ ಹನಿ ಬಿಟ್ಟು ಅಳೆಯುವ ಈ ಪ್ರಯೋಗವನ್ನು, ನಿಜವಾಗಿಯೇ ಮಾಡಿಬಿಟ್ಟಳು. ಗಾಢ ಬಣ್ಣದ ದ್ರಾವಣವಾದ್ದರಿಂದ ಮೇಲಿನ ಅಂಚಿಗೆ ಕಣ್ಣಿಟ್ಟು ಓದಿದಳು: 10.6, 10.5, 10.6. ಬಾಹ್ಯ ಪರೀಕ್ಷಕರು ಉತ್ತರಪತ್ರಿಕೆಯನ್ನು ಕನ್ನಡಕದ ಹತ್ತಿರ ಹಿಡಿದು, ಪಕ್ಕದ ಇಪ್ಪತ್ತು ಪತ್ರಿಕೆಗಳ ಕಡೆಗೊಮ್ಮೆ ನೋಡಿ, ‘ಬೇಟಾ, ಎಲ್ಲರಿಗೂ ಬಂದದ್ದು ನಿನಗೊಬ್ಬಳಿಗೆ ಏಕೆ ಬರಲಿಲ್ಲ?’ ಎಂದು ಕೇಳಿದರು. ಬಾಟಲಿಯ ತಳದ ಕಂದು ಮಡ್ಡಿಯನ್ನು ಅವಳು ತೋರಿಸಿದಳಂತೆ. ಅಂಕ ಕತ್ತರಿಸಿದರು. ಸಂಜೆ ಅವಳ ತಾಯಿ, ಉಡುಪಿ ಕಡೆಯವರು, ಹೊಸಿಲಲ್ಲೇ ತರಾಟೆಗೆ ತೆಗೆದುಕೊಂಡರು: ‘ಆ ಬ್ಯುರೆಟಿನ ನಲ್ಲಿ ತಿರುಗಿಸಲಿಕ್ಕೆ ನಿನಗೆ ಯಾರು ಹೇಳಿದ್ದು ಮಾರಾಯ್ತಿ?’

ಲವಣ ತಯಾರಿಕೆಯ ಮೇಜಿನಲ್ಲಿ ಇನ್ನೂ ದೊಡ್ಡ ಪವಾಡಗಳು ನಡೆಯುತ್ತವೆ. 7 ಗ್ರಾಂ ಫೆರಸ್ ಸಲ್ಫೇಟಿನ ಹರಳು ಮತ್ತು 3.5 ಗ್ರಾಂ ಅಮೋನಿಯಂ ಸಲ್ಫೇಟ್ ಕರಗಿಸಿ, ಆರಿಸಿ, ಮೋಹ್ರ್ ಲವಣದ ತಿಳಿಹಸಿರು ಹರಳು ತೆಗೆಯಬೇಕು. ಮೊದಲು ಮುಗಿಯುವುದು ಫೆರಸ್ ಸಲ್ಫೇಟ್. ಅದರ ಲೆಕ್ಕದಂತೆ ಒಂದು ಕಣವೂ ನಷ್ಟವಾಗದೆ ಎಲ್ಲವೂ ಹರಳಾದರೂ 9.87 ಗ್ರಾಂ ದಾಟುವಂತಿಲ್ಲ. ಬಸಿದ ನೀರಿನಲ್ಲಿ ಕರಗಿ ಹೋದದ್ದು ಬೇರೆ. ಆದರೆ ಫಿಲ್ಟರ್ ಕಾಗದದ ನಡುವೆ ಎರಡು ಸಲ ಒತ್ತಿ, ಇನ್ನೂ ಜಿನುಗುತ್ತಿರುವ ಹರಳನ್ನು ತಕ್ಕಡಿಗೆ ಹಾಕಿದರೆ 10.4 ಗ್ರಾಂ ತೂಗುತ್ತದೆ, ಇಳುವರಿ ಶೇಕಡಾ 105 ಆಗುತ್ತದೆ. ದ್ರವ್ಯರಾಶಿ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸಾಧಿಸಿದ ವಿಜ್ಞಾನಿ ಲವಾಸಿಯೇಯ ತಲೆಯನ್ನು 1794ರಲ್ಲಿ ಫ್ರಾನ್ಸಿನವರು ಕಡಿದದ್ದು ಅವನು ಮಾಡಿದ್ದ ತೆರಿಗೆ ವಸೂಲಿಯ ಸಿಟ್ಟಿಗೆ. ನಮ್ಮಲ್ಲಿಗೆ ಬಂದಿದ್ದರೆ ನೀರು ಆರಿಸಿ ತೂಗಿರೆಂದು ಹೇಳಿದ ತಪ್ಪಿಗೇ ಆ ಗತಿ ಕಾಣುತ್ತಿದ್ದ. ನೂರಕ್ಕಿಂತ ಹೆಚ್ಚು ಹೇಗಾಯಿತೆಂದು ವೈವಾದಲ್ಲಿ, ಎಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳಿದಾಗ ಒಬ್ಬ ಹುಡುಗ, ‘ಸರ್, ಬಹಳ ಮನಸ್ಸಿಟ್ಟು ಮಾಡಿದ್ದೇನೆ’ ಎಂದನಂತೆ.

ಪ್ರವೇಶ ಪರೀಕ್ಷೆಯಲ್ಲಿ ಬ್ಯುರೆಟ್ ಇಲ್ಲದಿರುವಾಗ ಮಕ್ಕಳು ಪ್ರಯೋಗಾಲಯಕ್ಕೆ ಯಾಕೆ ಬರಬೇಕು ಎಂಬ ಪ್ರಶ್ನೆಗೆ ಕೋಚಿಂಗ್ ಕ್ಲಾಸುಗಳೂ ಕಾಲೇಜುಗಳೂ ಸೇರಿ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿವೆ. ಹೆಸರು ಒಂದು ಕಾಲೇಜಿನ ಹಾಜರಿಯಲ್ಲಿ, ದೇಹ ಮತ್ತೊಂದು ಉಪನಗರದ ಹವಾನಿಯಂತ್ರಿತ ಕೋಣೆಯಲ್ಲಿ. 2018ರಲ್ಲಿ ಸರ್ಕಾರವು ವಿಜ್ಞಾನ ವಿಭಾಗಕ್ಕೆ ಬಯೋಮೆಟ್ರಿಕ್ ಹಾಜರಾತಿಯನ್ನು ಕಡ್ಡಾಯ ಮಾಡಿದಾಗ ವಿದ್ಯಾರ್ಥಿಯ ಹೆಬ್ಬೆರಳಾದರೂ ಕಾಲೇಜಿಗೆ ಬಂದೀತೆಂಬ ಆಸೆ ಹುಟ್ಟಿತ್ತು. ಪ್ರಯೋಗಗಳ ದಾಖಲೆ ಪುಸ್ತಕವಾದ ಜರ್ನಲ್ ಬರೆದುಕೊಡುವವರಿಗೆ ಪುಟಕ್ಕಿಷ್ಟು ಎಂದು ದರವಿದೆ, ಚಿತ್ರಕ್ಕೆ ಬೇರೆ.

ಫಲಿತಾಂಶದ ನಂತರ ಕನ್ನಡ ಸಂಘವೊಂದರ ಪ್ರತಿಭಾ ಪುರಸ್ಕಾರದಲ್ಲಿ ಮೂವತ್ತಕ್ಕೆ ಮೂವತ್ತು ಪಡೆದವರ ಸಾಲು ವೇದಿಕೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಇತ್ತು. ಶಾಲು ಹೊದಿಸಲು ಬಂದ ಹಿರಿಯ ಹೋಟೆಲ್ ಮಾಲೀಕರು ಕುತೂಹಲಕ್ಕೆ ಒಬ್ಬನನ್ನು ಕೇಳಿದರು: ‘ಅಕ್ಕಿ ಮೂರು ಪಾಲು, ಉದ್ದು ಒಂದು ಪಾಲು ಹಾಕಿದರೆ ನನಗೆ ಇಡ್ಲಿ ಸರಿ ಬರುತ್ತದೆ. ಹನ್ನೆರಡು ಕಿಲೋ ಅಕ್ಕಿ ಇದೆ, ಉದ್ದು ಮೂರೇ ಕಿಲೋ ಉಳಿದಿದೆ. ಎಷ್ಟು ಅಕ್ಕಿ ನೆನೆಸಲಿ ಮಗಾ?’ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ಆಯ್ಕೆಗಳನ್ನು ಕೊಡಿ ಅಂಕಲ್ ಎಂದ.

ಇವರಲ್ಲಿ ಹೆಚ್ಚಿನವರು ಈಗ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದಾರೆ, ಅಲ್ಲೂ ಇಡಿಟಿಎ ಎಂಬ ರಾಸಾಯನಿಕ ಬಳಸಿ ನೀರಿನ ಗಡಸುತನ ಅಳೆಯುವ ಪ್ರಯೋಗವಿದೆ. ಒಂದು ಅಣು ಇಡಿಟಿಎಗೆ ಒಂದು ಕ್ಯಾಲ್ಸಿಯಂ, ಲೆಕ್ಕ ಇನ್ನೂ ಸುಲಭ. ನಲ್ಲಿಯಲ್ಲಿ ಭಾತ್ಸಾ ಜಲಾಶಯದ ನೀರು ಬರಲಿ, ವೈತರಣದ್ದು ಬರಲಿ, ಮಳೆಗಾಲವಾಗಲಿ ಬೇಸಗೆಯಾಗಲಿ, ಆ ಕಾಲೇಜಿನ ನೀರಿನ ಗಡಸುತನ ವರ್ಷಾನುಗಟ್ಟಲೆ ಕದಲಿಲ್ಲ. ಹೊಸಬನೊಬ್ಬ ಮೊದಲ ದಿನವೇ ಸೀನಿಯರ್ ಬಳಿ ಹೋಗಿ, ‘ಅಣ್ಣಾ, ಇಲ್ಲಿಯದ್ದು ಎಷ್ಟು?’ ಎಂದು ಕೇಳಿದ. ಸೀನಿಯರ್ ಗಂಭೀರವಾಗಿ ಉತ್ತರಿಸಿದ: ‘ಹದಿನಾಲ್ಕು ಪಾಯಿಂಟ್ ಮೂರು. ಆದರೆ ಮೂರೂ ಸಲ ಅದನ್ನೇ ಬರೆಯಬೇಡ, ನಡುವೆ ಒಂದು ಹದಿನಾಲ್ಕು ಪಾಯಿಂಟ್ ನಾಲ್ಕು ಹಾಕು. ಇದು ಡಿಗ್ರಿ ಲೆವೆಲ್.’