ಗುಂಡಿಗಿಂತ ಮೊದಲೇ ಕರಗಿದ ಹುಲ್ಲುಗಾವಲು

ಚೀತಾಗಳ ಕುರಿತು ಪ್ರಕಟವಾದ ಲೇಖನವನ್ನು ಓದಿದೆ. ಏಷ್ಯಾದ ಚೀತಾ ನಮ್ಮ ದೇಶದಿಂದ ಮರೆಯಾದದ್ದಕ್ಕೆ 1947ರಲ್ಲಿ ಇಂದಿನ ಛತ್ತೀಸಗಢದಲ್ಲಿದ್ದ ಕೊರಿಯಾ ಸಂಸ್ಥಾನದ ಮಹಾರಾಜರು ಒಂದೇ ರಾತ್ರಿ ಮೂರು ಚೀತಾಗಳನ್ನು ಕೊಂದದ್ದೇ ಮುಖ್ಯ ಕಾರಣವೆಂಬಂತೆ ಲೇಖಕರು ಬರೆದಿದ್ದಾರೆ. ಆದರೆ ಆ ಹೊತ್ತಿಗೆ ಉಳಿದಿದ್ದುದೇ ಬೆರಳೆಣಿಕೆಯಷ್ಟು. ಕೃಷ್ಣಮೃಗಗಳ ಬೇಟೆಗೆಂದು ಅರಸರು ಶತಮಾನಗಳ ಕಾಲ ಚೀತಾಗಳನ್ನು ಹಿಡಿಸಿ ಪಳಗಿಸುತ್ತಿದ್ದರು. ಸೆರೆಯಲ್ಲಿ ಅವು ಮರಿ ಹಾಕುವುದು ತೀರ ಅಪರೂಪವಾದ್ದರಿಂದ (ಜಹಾಂಗೀರನು ಅಂಥದೊಂದು ಪ್ರಸಂಗವನ್ನು ಸೋಜಿಗವೆಂದೇ ದಾಖಲಿಸಿದ್ದಾನೆ) ಸತ್ತ ಪ್ರತಿಯೊಂದರ ಬದಲಿಗೆ ಮತ್ತೊಂದನ್ನು ಬಯಲಿನಿಂದಲೇ ತರಬೇಕಾಗುತ್ತಿತ್ತು. ಜೊತೆಗೆ ಹುಲ್ಲುಗಾವಲುಗಳು ಹೊಲಗಳಾದವು. ಅರೇಬಿಯಾದಿಂದ ಭಾರತದವರೆಗೆ ಹಬ್ಬಿದ್ದ ಈ ಪ್ರಾಣಿ ಇಂದು ಇರಾನಿನಲ್ಲಿ ಮಾತ್ರ, ಐವತ್ತಕ್ಕೂ ಕಡಿಮೆ ಸಂಖ್ಯೆಯಲ್ಲಿ ಉಳಿದಿದೆ. ಅಲ್ಲಿಯೂ ಸೆಮ್ನಾನ್ ಪ್ರಾಂತ್ಯದ ಹೆದ್ದಾರಿ ದಾಟುವಾಗ ವಾಹನಗಳಿಗೆ ಸಿಕ್ಕಿಯೋ ಕುರಿಮಂದೆಯ ನಾಯಿಗಳ ಬಾಯಿಗೆ ಬಿದ್ದೋ ಸಾಯುತ್ತಿದೆ. ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನದಲ್ಲಿ 2022ರಿಂದ ತಂದು ಬಿಟ್ಟಿರುವುದು ಆಫ್ರಿಕಾದ ಚೀತಾಗಳನ್ನು ಎಂಬುದನ್ನೂ ಲೇಖನ ಸ್ಪಷ್ಟಪಡಿಸಬೇಕಿತ್ತು.

ಚಿತ್ರದುರ್ಗ ಜಿಲ್ಲೆಯವನಾದ ನನಗೆ ಲೇಖನದಲ್ಲಿ ಹುಲ್ಲುಗಾವಲಿನ ಮಾತು ಒಂದೇ ಸಾಲಿಗೆ ಮುಗಿದದ್ದು ಸರಿಕಾಣಲಿಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲುಗಳಲ್ಲಿ (ಅಮೃತ ಮಹಲ್ ತಳಿಯ ದನಗಳ ಮೇವಿಗೆಂದು ಕಾಯ್ದಿರಿಸಿದ ಹುಲ್ಲುಗಾವಲುಗಳಲ್ಲಿ) ಮುಂಗಾರು ಬಿದ್ದೊಡನೆ ಹುಲ್ಲು ಚಿಗುರಿ, ಕುರಿ, ದನ, ಕೃಷ್ಣಮೃಗ ಎಲ್ಲವೂ ಅದೇ ಬಯಲನ್ನು ಹಂಚಿಕೊಂಡಿದ್ದವು. ಅದರಲ್ಲಿ ಸಾವಿರಾರು ಎಕರೆ ಕುದಾಪುರದ ಸುತ್ತ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಮಂಜೂರಾಯಿತು. ಮರವಿಲ್ಲದ ನೆಲವನ್ನು ಬೀಳುಭೂಮಿ ಎಂದು ಬರೆದುಕೊಳ್ಳುವ ರೂಢಿ ಇರುವವರೆಗೆ, ಬಯಲಿನ ಪ್ರಾಣಿಯನ್ನು ಎಲ್ಲಿಂದ ತಂದು ಎಲ್ಲಿ ಬಿಡುತ್ತೇವೆ ಎಂಬ ಪ್ರಶ್ನೆಗೆ ಲೇಖಕರು ಉತ್ತರಿಸಲಿ.