ವೀಲ್‌ಚೇರಿಗೆ ತೆರಿಗೆ ಕಡಿಮೆ, ಅದು ತಿರುಗುವ ಜಾಗಕ್ಕೆ ಜಾಸ್ತಿ

ವೀಲ್‌ಚೇರ್ ಕೊಂಡರೆ ಜಿಎಸ್‌ಟಿ ಶೇ. 5. ಒಳ್ಳೆಯದೇ. ಆದರೆ ಆ ವೀಲ್‌ಚೇರ್ ಜಗಲಿ ಹತ್ತಬೇಕಾದರೆ ರ‍್ಯಾಂಪ್ ಬೇಕು. ರ‍್ಯಾಂಪಿನ ಸಿಮೆಂಟಿಗೆ ಶೇ. 18. 2025ರ ಸೆಪ್ಟೆಂಬರ್‌ವರೆಗೆ ಅದು ಶೇ. 28 ಇತ್ತು. ಬಚ್ಚಲಿಗೆ ಹಾಕುವ ಜಾರದ ಟೈಲ್ಸಿಗೂ 18, ಗೋಡೆಗೆ ಕೂರಿಸುವ ಸ್ಟೀಲ್ ಕಂಬಿಗೂ 18. ಬಚ್ಚಲನ್ನು ನಾಲ್ಕು ಅಡಿ ಹೊರಗೆ ಎಳೆದರೆ ಮನೆಯ ವಿಸ್ತೀರ್ಣ ಬೆಳೆಯಿತು ಅಂತ ಪಂಚಾಯತಿಯ ತೆರಿಗೆಯೂ ಬೆಳೆಯುತ್ತದೆ. ಕುರ್ಚಿ ಅಗತ್ಯದ ವಸ್ತು, ಅದು ಓಡಾಡುವ ಮನೆ ಮಾತ್ರ ಶೋಕಿ. ನಮ್ಮ ತೆರಿಗೆ ಲೆಕ್ಕ ನಿಂತಿರುವುದು ಹೀಗೆ. ಇದು ಸರಿಯಲ್ಲ, ಬದಲಾಗಲೇಬೇಕು ಅಂತ ಹೇಳಲಿಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೇರಳದಲ್ಲಿರುವ ನಮ್ಮ ಕಾಸರಗೋಡಿನ ಮನೆಗಳನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಗುಡ್ಡೆ ಕಡಿದು ತಟ್ಟು ಮಾಡಿ ಕಟ್ಟಿದ ಮನೆಗಳು. ಹಿಂದೆ ಮುರಕಲ್ಲಿನ ಬರೆ, ಮುಂದೆ ಸಣ್ಣ ಅಂಗಳ, ಅದರ ಕೆಳಗೆ ತೋಟ. ಮಳೆ ನೀರು ಒಳಗೆ ಬರಬಾರದು ಅಂತ ಜಗಲಿ ಎತ್ತರ. ಹಳೆ ಮನೆಯಾದರೆ ಹೊಸ್ತಿಲು ಒಂದು ಗೇಣು, ಬಚ್ಚಲು ಹೊರಗೆ. ರಸ್ತೆಯಿಂದ ಮನೆಗೆ ಇಳಿಯಲಿಕ್ಕೇ ಹತ್ತಾರು ಕಲ್ಲಿನ ಮೆಟ್ಟಿಲು. ಗಟ್ಟಿ ಕಾಲಿದ್ದವರ ಲೆಕ್ಕದಲ್ಲಿ ಕಟ್ಟಿದ ಮನೆಗಳು ಇವು.

ಆದರೆ ಇದೇ ಊರಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದವರು ಎಷ್ಟು ಮಂದಿ! ಅಡಿಕೆ ಗೊನೆ ತೆಗೆಯಲು ಹತ್ತಿದವರು, ಮದ್ದು ಬಿಡಲು ಹತ್ತಿದವರು, ಕಾಳುಮೆಣಸು ಕೊಯ್ಯಲು ಏಣಿ ಇಟ್ಟವರು. ನನ್ನ ಅಣ್ಣನೂ ಹಾಗೇ ಬಿದ್ದವನು. ಸೊಂಟದಿಂದ ಕೆಳಗೆ ಬಲವಿಲ್ಲ. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬರುವಾಗ ನಮ್ಮ ತಲೆಯಲ್ಲಿ ಇದ್ದದ್ದು ಔಷಧಿ, ಫಿಸಿಯೋಥೆರಪಿ, ಅಷ್ಟೇ. ಮನೆಯನ್ನೇ ಒಡೆಯಬೇಕಾದೀತು ಅಂತ ಯಾರೂ ಹೇಳಿರಲಿಲ್ಲ.

ಮೇಸ್ತ್ರಿ ಬಂದು ಅಳತೆ ತೆಗೆದಾಗ ವಿಷಯ ಗೊತ್ತಾಯಿತು. ರ‍್ಯಾಂಪಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ನಮ್ಮ ಜಗಲಿ ಅಂಗಳದಿಂದ ಒಂದೂವರೆ ಅಡಿ ಮೇಲಿದೆ. ಮೂರೇ ಮೆಟ್ಟಿಲು. ಆ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ ರ‍್ಯಾಂಪ್! ಅಂಗಳದಲ್ಲಿ ಅಷ್ಟು ನೇರ ಜಾಗ ಇಲ್ಲ. ಮಧ್ಯದಲ್ಲಿ ಒಂದು ಸಮತಟ್ಟು ಜಾಗ ಬಿಟ್ಟು ತಿರುಗಿಸಬೇಕಾಯಿತು. "ನುಣ್ಣಗೆ ಮಾಡುವುದು ಬೇಡ ಮಾಷ್ಟ್ರೇ, ಆಟಿಯ ಮಳೆಗೆ ಪಾಚಿ ಹಿಡಿದರೆ ಕುರ್ಚಿ ಸಮೇತ ತೋಟಕ್ಕೆ ಹೋಗ್ತಾರೆ" ಅಂತ ಹೇಳಿ ಮೇಸ್ತ್ರಿ ಸಿಮೆಂಟು ಹಸಿ ಇರುವಾಗಲೇ ಅಡ್ಡ ಗೆರೆ ಎಳೆದರು. ಎರಡೂ ಬದಿಗೆ ಚಕ್ರ ಜಾರದಂತೆ ಸಣ್ಣ ಕಟ್ಟೆ, ಹಿಡಿಯಲು ಪೈಪು.

ಬಚ್ಚಲಿನ ಕಥೆ ಇನ್ನೂ ದೊಡ್ಡದು. ನಮ್ಮಲ್ಲಿ ಬಚ್ಚಲಿನ ಬಾಗಿಲು ಸಾಮಾನ್ಯವಾಗಿ ಎರಡೂವರೆ ಅಡಿ. ಕುರ್ಚಿ ಹೇಗೋ ತೂರುತ್ತದೆ, ಚಕ್ರ ತಿರುಗಿಸುವ ಕೈಯ ಗಂಟು ತರಚುತ್ತದೆ. ಮೂರಡಿ ಬೇಕು. ಒಳಗೆ ಕುರ್ಚಿ ಒಂದು ಸುತ್ತು ತಿರುಗಲು ಐದು ಅಡಿ ಜಾಗ. ಬಾಗಿಲು ಹೊರಗೆ ತೆರೆಯಬೇಕು. ಯಾಕೆ ಗೊತ್ತಾ? ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಬಿದ್ದಿದ್ದರೆ, ಒಳಗೆ ತೆರೆಯುವ ಬಾಗಿಲನ್ನು ತಳ್ಳಲಿಕ್ಕೇ ಆಗುವುದಿಲ್ಲ. ಗೋಡೆ ಒಡೆದು, ಹೊರಗೆ ಎಳೆದು, ಪಾಯ ಹಾಕಿ, ಎಲ್ಲ ಮುಗಿಯುವಾಗ ಒಂದೂವರೆ ಲಕ್ಷದ ಹತ್ತಿರ ಬಂತು. ಅಣ್ಣ ಈಗ ಯಾರನ್ನೂ ಕರೆಯದೆ ಸ್ನಾನ ಮಾಡುತ್ತಾನೆ. ಅತ್ತಿಗೆ ಈಗ ಧೈರ್ಯವಾಗಿ ಪೇಟೆಗೆ ಹೋಗಿ ಬರುತ್ತಾರೆ. ಈ ಖರ್ಚು ಶೋಕಿಯಾ?

ತೆರಿಗೆಯಲ್ಲಿ ಏನಾದರೂ ಸಿಗುತ್ತದಾ ಅಂತ ಅಕೌಂಟೆಂಟರನ್ನು ಕೇಳಿದೆ. ಅವರು ತಿಳಿಸಿ ಹೇಳಿದರು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಎರಡು ಸೆಕ್ಷನ್ ಇದ್ದವು. 80ಯು ಅಂಗವಿಕಲರಿಗೇ, 80ಡಿಡಿ ಅವರನ್ನು ನೋಡಿಕೊಳ್ಳುವ ಮನೆಯವರಿಗೆ. ಶೇ. 40 ಅಥವಾ ಹೆಚ್ಚು ವೈಕಲ್ಯ ಇದ್ದರೆ 75,000 ರೂಪಾಯಿ, ಶೇ. 80 ಅಥವಾ ಹೆಚ್ಚು ಇದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಈ ಮೊತ್ತ ನಿಗದಿಯಾದದ್ದು 2015ರ ಬಜೆಟ್ಟಿನಲ್ಲಿ. ಆಮೇಲೆ ಮರಳು, ಜಲ್ಲಿ, ಮೇಸ್ತ್ರಿ ಸಂಬಳ ಎಲ್ಲ ಎಲ್ಲಿಗೆ ಏರಿತು ಅಂತ ಮನೆ ಕಟ್ಟಿದವರಿಗೆ ಗೊತ್ತು. ಇದು ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುವುದು. ಹೊಸ ಪದ್ಧತಿ ಆರಿಸಿಕೊಂಡವರಿಗೆ ಇಲ್ಲ. ಮತ್ತೆ, 1,25,000 ಅಂದರೆ ಕೈಗೆ ಅಷ್ಟು ಬರುತ್ತದೆ ಅಂತಲ್ಲ. ಶೇ. 20ರ ಸ್ಲ್ಯಾಬಿನಲ್ಲಿ ಇರುವವರಿಗೆ ಸೆಸ್ ಸೇರಿ ಉಳಿಯುವುದು 26,000.

ಸಾಲ ತೆಗೆದು ಮನೆ ರಿಪೇರಿ ಮಾಡಿದರೆ? ಹೊಸ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ, ವಾಸದ ಮನೆಯ ರಿಪೇರಿ ಸಾಲದ ಬಡ್ಡಿಗೆ 30,000 ಮಾತ್ರ. ಅದೂ ಹಳೆ ಪದ್ಧತಿಯಲ್ಲೇ. ಬಣ್ಣ ಬಳಿದರೂ ರಿಪೇರಿ, ರ‍್ಯಾಂಪ್ ಕಟ್ಟಿದರೂ ರಿಪೇರಿ. ಕಾನೂನಿಗೆ ಎರಡೂ ಒಂದೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಚೇರಿ, ಬಸ್ ಸ್ಟ್ಯಾಂಡ್, ಶಾಲೆ, ಆಸ್ಪತ್ರೆಗಳಲ್ಲಿ ರ‍್ಯಾಂಪ್ ಇರಬೇಕು ಅನ್ನುತ್ತದೆ. ಸರಿಯಾದ ಮಾತು. ಆದರೆ ಮನೆಯ ಮೂರು ಮೆಟ್ಟಿಲು ಇಳಿಯಲು ಆಗದವರು ಬಸ್ ಸ್ಟ್ಯಾಂಡಿನ ರ‍್ಯಾಂಪಿನವರೆಗೆ ಹೋಗುವುದು ಹೇಗೆ?

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಆದಾಯ ತೆರಿಗೆಯ ವಿನಾಯಿತಿ ನನ್ನಂಥ ಸಂಬಳದವರಿಗೆ. ನಮ್ಮ ಜಿಲ್ಲೆಯಲ್ಲಿ ಇದರ ಅಗತ್ಯ ಹೆಚ್ಚು ಇರುವ ಮನೆಗಳಿಗೆ ಆದಾಯ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ. ಎಣ್ಮಕಜೆಯ ಪಡ್ರೆ ಕಡೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆ ಹೋಗಿ ನೋಡಿ. 1970ರ ದಶಕದ ಕೊನೆಯಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ನೆಲ ಅದು. ಆಗ ಮಕ್ಕಳಾಗಿದ್ದವರು ಈಗ ದೊಡ್ಡವರು. ದೇಹ ಬೆಳೆದಿದೆ, ಕಾಲು ನಿಲ್ಲುವುದಿಲ್ಲ. ಅರುವತ್ತು ದಾಟಿದ ತಾಯಂದಿರು ಮೂವತ್ತರ ಮಗನನ್ನು ಎತ್ತಿಕೊಂಡು ಹೊರಗಿನ ಬಚ್ಚಲಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ಜಾರುವ ಅಂಗಳದಲ್ಲಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ, ಮೂರು ತಿಂಗಳೊಳಗೆ ಕೊಡಿ ಅಂತ ಕೇರಳ ಸರ್ಕಾರಕ್ಕೆ ಆದೇಶಿಸಿತು. ಅದು ಪರಿಹಾರ. ಆ ಹಣದಲ್ಲಿ ಬಚ್ಚಲು ಕಟ್ಟಿದರೆ, ಸಿಮೆಂಟಿನ ತೆರಿಗೆಯಾಗಿ ಅದರದ್ದೇ ಒಂದು ಪಾಲು ಸರ್ಕಾರಕ್ಕೆ ವಾಪಸ್ ಹೋಗುತ್ತದೆ. ನನಗೆ ಇದು ಸಹಿಸಲಾಗದ ವಿಷಯ.

ಆದ್ದರಿಂದ ಜಿಎಸ್‌ಟಿಯೇ ಮೊದಲು. ಆದಾಯ ತೆರಿಗೆ ಕಟ್ಟದವರೂ ಜಿಎಸ್‌ಟಿ ಕಟ್ಟುತ್ತಾರೆ. ಬ್ರಿಟನ್ನಿನಲ್ಲಿ ಅಂಗವಿಕಲರ ಮನೆಗೆ ರ‍್ಯಾಂಪ್ ಕಟ್ಟಿದರೆ, ಬಾಗಿಲು ಅಗಲ ಮಾಡಿದರೆ ಆ ಕೆಲಸಕ್ಕೆ ವ್ಯಾಟ್, ಅಂದರೆ ನಮ್ಮ ಜಿಎಸ್‌ಟಿಯಂಥ ತೆರಿಗೆ, ಸೊನ್ನೆ. ಅಷ್ಟೇ ಅಲ್ಲ, ಮನೆಯೊಳಗೆ ವೀಲ್‌ಚೇರ್ ಓಡಾಡಲು ಹೆಚ್ಚು ಜಾಗ ಬೇಕಾಗಿದ್ದರೆ ನಮ್ಮ ಮನೆ ತೆರಿಗೆಯಂಥ ಅಲ್ಲಿನ ಕೌನ್ಸಿಲ್ ತೆರಿಗೆಯನ್ನು ಒಂದು ಹಂತ ಕೆಳಗಿನ ದರದಲ್ಲಿ ಲೆಕ್ಕ ಹಾಕುತ್ತಾರೆ. ಜಾಗ ಜಾಸ್ತಿ ಇರುವುದು ಸಿರಿವಂತಿಕೆಯಿಂದ ಅಲ್ಲ, ಅಗತ್ಯದಿಂದ ಅಂತ ಒಪ್ಪಿಕೊಂಡ ಹಾಗೆ. ಕೆನಡಾದಲ್ಲಿ 2016ರಿಂದ ಇಂಥ ಕೆಲಸಕ್ಕೆಂದೇ ಆದಾಯ ತೆರಿಗೆ ರಿಯಾಯಿತಿ ಇದೆ. ಲೆಕ್ಕಕ್ಕೆ ಹಿಡಿಯುವ ಖರ್ಚಿನ ಮಿತಿಯನ್ನು 2022ರಲ್ಲಿ 10,000 ಡಾಲರಿನಿಂದ 20,000ಕ್ಕೆ ಏರಿಸಿದರು. 65 ತುಂಬಿದವರಿಗೆ ವೈಕಲ್ಯದ ಸರ್ಟಿಫಿಕೇಟೂ ಬೇಡ. ಆದರೆ ಅಲ್ಲೂ ತೆರಿಗೆ ಕಟ್ಟದವರಿಗೆ ಅದರಿಂದ ಪ್ರಯೋಜನ ಇಲ್ಲ. ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತವಾದರೆ ತೆರಿಗೆ ಬಾಕಿ ಇಲ್ಲದವರಿಗೂ 1,000 ಡಾಲರಿನವರೆಗೆ ಹಣ ವಾಪಸ್ ಕೊಡುತ್ತದೆ. ನಮಗೆ ಬೇಕಾದದ್ದು ಅಂಥದ್ದು. ಬಿಲ್ಲು ತೋರಿಸಿದರೆ ಕಟ್ಟಿದ ಜಿಎಸ್‌ಟಿ ಬ್ಯಾಂಕ್ ಖಾತೆಗೆ ವಾಪಸ್.

ಎರಡನೆಯದು ನಮ್ಮ ಕೇರಳದ ಕೈಯಲ್ಲೇ ಇರುವ ವಿಷಯ, ದೆಹಲಿಗೆ ಹೋಗಬೇಕಾಗಿಲ್ಲ. ಪಂಚಾಯತಿನ ಆಸ್ತಿ ತೆರಿಗೆಗೂ ರಾಜ್ಯದ ಒಂದು ಬಾರಿಯ ಕಟ್ಟಡ ತೆರಿಗೆಗೂ ಮನೆಯ ವಿಸ್ತೀರ್ಣವೇ ಆಧಾರ. 60 ಚದರ ಮೀಟರಿನವರೆಗಿನ ವಾಸದ ಮನೆಗೆ ಆಸ್ತಿ ತೆರಿಗೆ ಇಲ್ಲ. 100 ಚದರ ಮೀಟರಿನವರೆಗೆ ಒಂದು ಬಾರಿಯ ತೆರಿಗೆ ಇಲ್ಲ. 58 ಚದರ ಮೀಟರಿನ ಮನೆಯವರು ವೀಲ್‌ಚೇರ್ ಹೋಗುವ ಬಚ್ಚಲು ಕಟ್ಟಿದರೆ ಮಿತಿ ದಾಟುತ್ತಾರೆ. ಆಮೇಲೆ ಆ ತೆರಿಗೆ ವರ್ಷ ವರ್ಷ ಶೇ. 5ರಂತೆ ಏರುತ್ತಾ ಹೋಗುತ್ತದೆ. ಅಗಲ ಮಾಡಿದ ಬಚ್ಚಲು, ಮಹಡಿ ಹತ್ತಲಾಗದವರಿಗೆ ಕೆಳಗೆ ಕಟ್ಟಿದ ಒಂದು ಕೋಣೆ, ರ‍್ಯಾಂಪ್, ಇಷ್ಟನ್ನು ವಿಸ್ತೀರ್ಣದ ಲೆಕ್ಕದಿಂದ ಬಿಟ್ಟುಬಿಡಲಿ. ಇದರಿಂದ ಪಂಚಾಯತಿನ ಬೊಕ್ಕಸ ಬರಿದಾಗುವುದಿಲ್ಲ.

ದುರುಪಯೋಗ ಮಾಡ್ತಾರೆ ಅಂತ ಹೇಳುವವರು ಇರುತ್ತಾರೆ. ಅಜ್ಜಿಯ ಹೆಸರಲ್ಲಿ ಗ್ರಾನೈಟ್ ಹಾಕಿಸುವವರೂ ಇರಬಹುದು. ಅದಕ್ಕೆ ದಾರಿ ಇದೆ, ಅಲ್ವಾ? ಯಾವ ಕೆಲಸಕ್ಕೆ ಎಷ್ಟು ಅಂತ ಮಿತಿ ಹಾಕಲಿ. ಹೊಸ ಕೋಣೆ ಕಟ್ಟಿದಾಗ ಅಳತೆಗೆ ಬರುವ ಪಂಚಾಯತಿನ ಓವರ್‌ಸಿಯರ್ ಇದನ್ನೂ ನೋಡಲಿ. ಹಾಸಿಗೆ ಹಿಡಿದವರ ಆರೈಕೆಗೆ ಪಾಲಿಯೇಟಿವ್ ನರ್ಸ್ ಮನೆ ಮನೆಗೆ ಹೋಗುವ ರಾಜ್ಯ ನಮ್ಮದು. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ, ಅವರನ್ನು ಬಚ್ಚಲಿಗೆ ಯಾರು ಎತ್ತುತ್ತಾರೆ ಅಂತ ಅವರಷ್ಟು ಗೊತ್ತಿರುವವರು ಬೇರೆ ಯಾರಿದ್ದಾರೆ? ಪಾರ್ಶ್ವವಾಯು ಬಡಿದು ಮೆಡಿಕಲ್ ಬೋರ್ಡಿನ ಮುಂದೆ ಹೋಗಲೂ ಆಗದ ಮುದುಕರಿಗೆ ಆ ನರ್ಸ್ ಬರೆದುಕೊಟ್ಟ ಚೀಟಿ ಸಾಕಾಗಬೇಕು. ಮತ್ತೆ, ಅರ್ಜಿ ಫಾರಂ ನಮ್ಮ ಭಾಗದಲ್ಲಿ ಕನ್ನಡದಲ್ಲೂ ಇರಬೇಕು. ಮಲಯಾಳಂ ಫಾರಂ ತುಂಬಿಸಲು ಇನ್ನೊಬ್ಬರನ್ನು ಹುಡುಕಿಕೊಂಡು ಅಲೆಯುವ ಕಷ್ಟ ಇಲ್ಲಿನವರಿಗೆ ಹೊಸದಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರವಣಿಗೆಯಲ್ಲಿ ಕೊಟ್ಟು ನಿರ್ಣಯ ಮಾಡಿಸಬೇಕು ಅಂತ ನಮ್ಮ ವಾರ್ಡಿನ ಕೆಲವರು ಸೇರಿ ಯೋಚಿಸಿದ್ದೇವೆ. ಅದರ ಪ್ರತಿ ಶಾಸಕರಿಗೂ ಹಣಕಾಸು ಮಂತ್ರಿಗಳಿಗೂ ಹೋಗುತ್ತದೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಬೇಕಾಗಿ ರ‍್ಯಾಂಪ್, ಬಚ್ಚಲು, ಬಾಗಿಲು ಮಾಡಿಸಿದ್ದರೆ ಎಷ್ಟು ಖರ್ಚಾಯಿತು, ಅದರಲ್ಲಿ ಜಿಎಸ್‌ಟಿ ಎಷ್ಟು ಹೋಯಿತು, ಆಮೇಲೆ ಮನೆ ತೆರಿಗೆ ಏರಿತಾ ಅಂತ ನನಗೆ ಮೆಸೇಜ್ ಮಾಡಿ. ಬಿಲ್ಲಿನ ಫೋಟೋ ಇದ್ದರೆ ಅದನ್ನೂ ಕಳಿಸಿ. ಹೆಸರು ಹಾಕುವುದಿಲ್ಲ, ಲೆಕ್ಕ ಮಾತ್ರ ಅರ್ಜಿಯ ಜೊತೆ ಇಡುತ್ತೇವೆ.